ನೀರಿಲ್ಲದ ಸಮುದ್ರದ ಆಳ

ತೊಂಬತ್ತರ ದಶಕದಲ್ಲಿ ಈ ಕೆಲಸಕ್ಕೆ ಸೇರಿದೆ. ಅಂದಿನಿಂದ ರಜೆಗೆ ನಮ್ಮೂರು ಬಣಕಲ್‌ನ ಕಾಫಿ ತೋಟಕ್ಕೆ ಬಂದಾಗಲೆಲ್ಲ ಏನಾದರೊಂದು ಆಗದೆ ವಾಪಸ್ಸು ಹೋದದ್ದೇ ಇಲ್ಲ. ಕೆಲಸ ಇಷ್ಟೇ: ತಮಿಳುನಾಡಿನ ಕಡೆ ತೈಲ ಹುಡುಕಲು ನೆಲ ಕೊರೆದಾಗ ಬರುವ ಮಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಗಳಿರುತ್ತವೆ. ಯಾವ ಚಿಪ್ಪಿನ ಜೀವಿ ಎಷ್ಟು ಆಳದಲ್ಲಿ ಬದುಕುತ್ತಿತ್ತೆಂದು ನೋಡಿ, ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರದ ಆಳ ಹೇಳಬೇಕು.

೧

ಅಪ್ಪನಿಗೆ ಇದು ಮಹಾ ಹೆಮ್ಮೆ. ಮೂಡಿಗೆರೆಯ ಗೊಬ್ಬರದಂಗಡಿಯಲ್ಲಿ ಯೂರಿಯಾ ಕೇಳುವುದಕ್ಕೂ ಮುಂಚೆ, "ನಮ್ ಮಗಳು ಸಮುದ್ರದ ಆಳ ಅಳೀತಾಳೆ" ಎಂದರು.

ಅಂಗಡಿಯವರು ಗಾಬರಿಯಾದರು. "ಈಜು ಬರ್ತದಾ ಅವ್ರಿಗೆ?"

"ಇಲ್ಲ ಮಾರಾಯ್ರೆ. ಅಲ್ಲಿ ಈಗ ನೀರೇ ಇಲ್ಲ."

"ಹಾಗಾದ್ರೆ ಒಳ್ಳೇ ಕೆಲ್ಸ. ಬಿಡ್ಬೇಡಿ ಅನ್ನಿ."

೨

ಪಕ್ಕದ ಎಸ್ಟೇಟಿನ ಸಾಹುಕಾರರು ಜೀಪಿನಲ್ಲಿ ಬಂದು ಕರವಸ್ತ್ರ ಬಿಚ್ಚಿದರು. ಒಳಗೊಂದು ಕಪ್ಪೆಚಿಪ್ಪು. ಕಾಫಿ ಗಿಡದ ಬುಡದಲ್ಲಿ ಸಿಕ್ಕಿತಂತೆ.

"ನಮ್ ತೋಟದಲ್ಲೂ ಸಮುದ್ರ ಇತ್ತು ನೋಡಮ್ಮ. ಎಷ್ಟು ಆಳ ಇರ್ಬಹುದು?"

ಚಿಪ್ಪಿಗೆ ಅರಿಸಿನ ಅಂಟಿತ್ತು. ಅವರ ಕೂಲಿ ಲೈನು ಮನೆಗಳಲ್ಲಿ ಕಪ್ಪೆಚಿಪ್ಪು ತಿನ್ನುವ ಮಂಗಳೂರು ಕಡೆಯ ಕೆಲಸದವರಿದ್ದರು. "ಸಾರಿನ ಪಾತ್ರೆಯಷ್ಟು ಆಳ ಅಂಕಲ್" ಎಂದೆ.

ಅವರು ಜಗ್ಗಲಿಲ್ಲ. "ಸಾರಾದ್ರೇನು, ಸಮುದ್ರದ್ದು ಹೌದು ತಾನೆ?" ಎಂದು ಅದನ್ನು ಒಯ್ದು ಶೋಕೇಸಿನಲ್ಲಿಟ್ಟರು.

೩

ನನ್ನ ಮೊದಲ ವರದಿ ಕೊಡಬೇಕಿದ್ದ ವರ್ಷ. ಒಂದೇ ಮಣ್ಣಿನಲ್ಲಿ ದಡದ ಚಿಪ್ಪೂ ಇತ್ತು, ಆಳದ ಚಿಪ್ಪೂ ಇತ್ತು. ಯಾವುದನ್ನು ನಂಬಲಿ? ತಪ್ಪಿದರೆ ಆಫೀಸಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಸೂಕ್ಷ್ಮದರ್ಶಕವನ್ನೇ ಊರಿಗೆ ಹೊತ್ತು ತಂದು ಜಗಲಿಯಲ್ಲಿ ಕೂತಿದ್ದೆ. ನಮ್ಮಲ್ಲಿ ಮೂವತ್ತು ವರ್ಷದಿಂದ ಕಾಫಿ ಬೀಜ ಆರಿಸುವ ಅಕ್ಕ, "ನಾನೂ ನೋಡ್ಲಾ ಅಮ್ಮ?" ಎಂದು ಬಗ್ಗಿದರು.

ಒಂದೊಂದು ಚಿಪ್ಪನ್ನೂ ಬೀಜ ನೋಡುವ ಹಾಗೆ ನೋಡಿದರು. ಆಮೇಲೆ ಹೇಳಿದರು: "ಈ ದಪ್ಪನೆಯವು ಇಲ್ಲಿನ ಮಾಲಲ್ಲ. ಅಂಚೆಲ್ಲ ಸವೆದಾವೆ. ಮೇಲಿಂದ ಎಲ್ಲೋ ಉರುಳ್ಕೊಂಡ್ ಬಂದು ಸೇರ್ಕೊಂಡವೆ."

ದಪ್ಪನೆಯವು ದಡದ ಚಿಪ್ಪುಗಳು! ನೋಡಿದೆ, ನಿಜ. ದಡದಿಂದ ಜಾರಿ ಆಳಕ್ಕೆ ಬಿದ್ದವು. ಸಮುದ್ರ ಆಳವಾಗಿತ್ತೆಂದು ಧೈರ್ಯವಾಗಿ ಬರೆದೆ. ಪಕ್ಕದಲ್ಲಿ ಕೊರೆದ ಇನ್ನೊಂದು ಬಾವಿಯ ಮಣ್ಣೂ ಅದನ್ನೇ ಹೇಳಿತು.

"ಯಾವ ಪ್ರೊಫೆಸರನ್ನ ಕೇಳಿದ್ರಿ?" ಎಂದರು ಮೇಲಧಿಕಾರಿ.

"ನಮ್ಮ ತೋಟದಲ್ಲಿ ಕಾಫಿ ಬೀಜ ಆರಿಸುವವರನ್ನ" ಎಂದೆ. ಅಷ್ಟು ಜಂಬದಿಂದ ನಾನು ಯಾವತ್ತೂ ಮಾತಾಡಿಲ್ಲ.

ಮುಂದಿನ ರಜೆಯಲ್ಲಿ ಓಡಿ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

"ಅದಿರ್ಲಿ ಅಮ್ಮ. ಕೋಟಿ ವರ್ಷ ಆರಿಸ್ದೇ ಬಿಟ್ಟಿದಾರಲ್ಲ, ಅಲ್ಲಿ ಕೆಲ್ಸ ನೋಡ್ಕೊಳ್ಳೋ ಮೇಸ್ತ್ರಿ ಯಾರು?"