ಕುಸುನೋಸೆಯ ಹೆಬ್ಬೆರಳು

ರಗಳೆಗೆಲ್ಲ ಕಾರಣ ಕ್ಷೌರಿಕ ಕುಸುನೋಸೆಯ ಎಡಗೈ ಹೆಬ್ಬೆರಳು. ತೋಫು ಮಾರುವ ನಿಶಿಮೊರಿಯ ಕೆನ್ನೆಗೆ ನೊರೆ ಹಚ್ಚಿ, ಚರ್ಮ ಎಳೆದು ಹಿಡಿದದ್ದೇ ತಡ, ಅವನು ಕಣ್ಣು ತೆರೆದ.

“ಏನಯ್ಯಾ, ನಿನ್ನ ಬೆರಳು ಉಪ್ಪುಕಾಗದದ ಹಾಗೆ ಉಜ್ತಾ ಇದೆ?”

ಶಿಕೋಕು ದ್ವೀಪದ ಆ ಅಳಿವೆಯೂರಿನಲ್ಲಿ ತರಚಿದ ಹೆಬ್ಬೆರಳಿಗೆ ಒಂದೇ ಅರ್ಥ. ರಾತ್ರಿ ಅಕಾಮೆ ಸಿಕ್ಕಿದೆ. ಆಳುದ್ದದ ಆ ಕೆಂಗಣ್ಣಿನ ಬೇಟೆಮೀನಿನ ಬಾಯಿಗೆ ಬೆರಳು ತೂರಿಸಿ ಎತ್ತಿದ್ದಾರೆ. ಅರದಂಥ ಹಲ್ಲು ಚರ್ಮ ತಿಂದಿದೆ. ಮೀನನ್ನು ಊರಿಗೆಲ್ಲ ತೋರಿಸಬಹುದು. ಹಿಡಿದ ಜಾಗವನ್ನು ಮಾತ್ರ ಹೆಂಡತಿಗೂ ಹೇಳಬಾರದು. ಕುಸುನೋಸೆ ಕತ್ತಲಲ್ಲೇ ಮೀನನ್ನು ನೀರಿಗೆ ಬಿಟ್ಟು ಬಂದಿದ್ದ. ಅಂಗಡಿ ಮಾವನದು, ಮನೆಯೂ ಮಾವನದು. ಅವನದು ಅಂತ ಭೂಮಿಯ ಮೇಲೆ ಇದ್ದದ್ದು ಆ ಜಾಗವೊಂದೇ.

“ಮೂಲಂಗಿ ತುರಿಯುವಾಗ ತರಚ್ತು,” ಎಂದ.

ಪರದೆಯ ಹಿಂದೆ ಹೆಂಡತಿ ಚಿಯೊ ಕಿಸಕ್ಕನೆ ನಕ್ಕಳು. “ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ಕೇಳಿ ನೋಡಿ ಅವರನ್ನ!”

ಬೆಂಚಿನ ಮೇಲಿದ್ದ ಮಾಜಿ ದೋಣಿ ಚಾಲಕ ಒಕಬಯಾಶಿ ಪತ್ರಿಕೆ ಮಡಚಿಟ್ಟು ಎದ್ದು ಬಂದ. ಬೆರಳು ಹಿಡಿದು, ಪೊಲೀಸ್ ನಾಯಿಯಂತೆ ಮೂಸಿದ.

“ಮೂಲಂಗಿಗೆ ಮೀನಿನ ವಾಸನೆ ಬರೋಕೆ ಶುರುವಾಗಿದ್ದು ಯಾವಾಗಿಂದ?”

ಮಧ್ಯಾಹ್ನದೊಳಗೆ ಅಂಗಡಿ ತುಂಬಿತು. ಕೂದಲಿದ್ದವರೂ ಬಂದರು, ಬೋಳುತಲೆಯವರೂ ಬಂದರು.

“ಹೇಳಿದ್ರೆ ಸರಿ,” ಎಂದ ಒಕಬಯಾಶಿ. “ಇಲ್ಲಾಂದ್ರೆ ಇವತ್ತು ರಾತ್ರಿ ನೀನು ಹೋದಲ್ಲಿ ನಾವು.”

ಸುಲಭವಾಗಿ ಹೇಳಿದರೆ ಯಾರೂ ನಂಬುವುದಿಲ್ಲ. ಕುಸುನೋಸೆ ಮುಖ ಹುಳ್ಳಗೆ ಮಾಡಿದ. ನಿಟ್ಟುಸಿರಿಟ್ಟ. ಬಾಗಿಲು ಹಾಕಿಸಿದ. ಎಲ್ಲರಿಂದ ಆಣೆ ಮಾಡಿಸಿಕೊಂಡ.

“ಐಸ್ ಕಾರ್ಖಾನೆ ಹಿಂದಿನ ಚರಂಡಿ ಬಾಯಿ. ಹೊರಗೆ ಬಾಯ್ಬಿಟ್ರೆ ನಾನು ಸತ್ತ ಹಾಗೇ!”

ಅಲ್ಲಿ ಹಳೆ ಚಪ್ಪಲಿ ಬಿಟ್ಟು ಬೇರೇನೂ ಗಾಳಕ್ಕೆ ಬಿದ್ದ ದಾಖಲೆಯಿರಲಿಲ್ಲ.

ಆ ರಾತ್ರಿ ಊರಿಗೆ ಊರೇ ಚರಂಡಿ ಬಾಯಲ್ಲಿ ಸಾಲುಗಟ್ಟಿತು. ಕುಸುನೋಸೆ ತನ್ನ ಗುಟ್ಟಿನ ಮರಳುದಿಬ್ಬದ ತುದಿಯಲ್ಲಿ, ಸೊಂಟದ ತನಕ ಅಲೆಯಲ್ಲಿ ನಿಂತು ಒಬ್ಬನೇ ಗಾಳ ಬೀಸಿದ. ಇಳಿತ ಮುಗಿಯುವ ತನಕ ಒಂದು ಮೀನೂ ಮುಟ್ಟಲಿಲ್ಲ. ಇರಲಿ, ಜಾಗವಾದರೂ ಉಳಿಯಿತು.

ಬೆಳಿಗ್ಗೆ ಅಂಗಡಿ ತೆರೆದರೆ, ನಿಶಿಮೊರಿ, ಒಕಬಯಾಶಿ ಇಬ್ಬರೂ ಬಿದಿರ ಬೊಂಬನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು. ಬೊಂಬಿನಲ್ಲಿ ತೂಗುತ್ತಿದ್ದ ಅಕಾಮೆಯ ಬಾಲ ಬೀದಿ ಗುಡಿಸುತ್ತಿತ್ತು.

“ದೇವರಂಥ ಮನುಷ್ಯ ಕಣಯ್ಯಾ ನೀನು!” ಎಂದ ನಿಶಿಮೊರಿ. “ಚರಂಡಿ ಬಾಯಲ್ಲೇ ಸಿಕ್ತು!”

ಮೀನಿಗೆ ಮಸಿ ಬಳಿದು, ಕಾಗದ ಒತ್ತಿ, ಆ ಅಚ್ಚನ್ನು ಕನ್ನಡಿಯ ಮೇಲೆ ತೂಗುಹಾಕಿದರು. ಕೆಳಗೆ ‘ಜಾಗ ತೋರಿಸಿದವರು: ಕುಸುನೋಸೆ’ ಎಂದು ದಪ್ಪಕ್ಷರದಲ್ಲಿ ಬರೆದರು. ಅವನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಎಂದುಕೊಂಡರು.

ಆಮೇಲೆ ಒಕಬಯಾಶಿ ಕಣ್ಣು ಕಿರಿದು ಮಾಡಿದ.

“ಒಂದ್ನಿಮಿಷ. ಇಂಥಾ ಜಾಗನೇ ನಮ್ಗೆ ಬಿಟ್ಕೊಟ್ಟಿದಾನೆ. ಅಂದ್ಮೇಲೆ, ತನಗೇಂತ ಎಂಥಾದ್ದು ಇಟ್ಕೊಂಡಿರಬೇಡ?”

ಅಂಗಡಿಯಲ್ಲಿದ್ದವರೆಲ್ಲ ಕುಸುನೋಸೆಯ ಹೆಬ್ಬೆರಳನ್ನೇ ನೋಡಿದರು.

ಆ ಸಂಜೆ ಕುಸುನೋಸೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬೀದಿಯ ಸ್ನಾನದ ಮನೆಗೆ ಹೊರಟ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ, ಗಾಳದ ಕೋಲು ಹಿಡಿದ ಊರೆಲ್ಲ ಸದ್ದಿಲ್ಲದೆ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ಚಿಯೊ.