ವಸುಧಾಳ ಊಟದ ಮನೆಗೆ ನಾನು ಬರೆದ ನೋಟೀಸು

ನನ್ನ ಬರವಣಿಗೆಯಿಂದಾಗಿ ನನ್ನ ಹೆಂಡತಿಯ ವ್ಯಾಪಾರ ಮುಳುಗುವುದರಲ್ಲಿತ್ತು ಎಂದು ಬಂಟ್ವಾಳ ಪೇಟೆಯಲ್ಲಿ ಸುದ್ದಿಯುಂಟು. ಇದು ಅರ್ಧ ಸತ್ಯ. ಉಳಿದರ್ಧವನ್ನು ಹೇಳುವ ಮನಸ್ಸು ಯಾರಿಗೂ ಇಲ್ಲದ್ದರಿಂದ ನಾನೇ ಹೇಳಬೇಕಾಗಿದೆ.

ನಾನು ಗಣೇಶಪ್ರಸಾದ ಭಟ್, ನಮ್ಮೂರ ದೇವಸ್ಥಾನದ ಪ್ರಚಾರ ಸಮಿತಿಯ ಸಂಚಾಲಕ. ಬ್ರಹ್ಮಕಲಶವಿರಲಿ, ಭಜನಾ ಮಂಗಲೋತ್ಸವವಿರಲಿ, ಆಮಂತ್ರಣ ಪತ್ರಿಕೆ ಹೊರಡುವುದು ನನ್ನ ಲೇಖನಿಯಿಂದಲೇ. ನಾನು ‘ವಿನಂತಿ’ ಎಂದು ಬರೆದರೆ ಜನ ಬಂದೇ ಬರುತ್ತಾರೆ. (ಬರುವುದು ಊಟಕ್ಕೆ ಎಂದು ನನ್ನ ಹೆಂಡತಿ ವಸುಧಾಳ ಅಭಿಪ್ರಾಯ. ಅವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.)

ಈ ವಸುಧಾ ಬಿ.ಸಿ.ರೋಡಿನ ಬಸ್ ನಿಲ್ದಾಣದ ಹಿಂಬದಿಯಲ್ಲಿ ಒಂದು ಕೋಣೆ ಹಿಡಿದು ಊಟದ ಮನೆ ಮಾಡುತ್ತೇನೆಂದು ಹೊರಟಳು. ಮನೆಗೆ ಬರುವ ನೆಂಟರೆಲ್ಲ ನಿನ್ನ ಅಡಿಗೆಯನ್ನು ಹೊಗಳುತ್ತಾರಲ್ಲ, ಇನ್ನೇನು ಬೇಕು ಎಂದು ಕೇಳಿದೆ.

“ಹೊಗಳಲಿಕ್ಕೆ ಖರ್ಚು ಉಂಟಾ?” ಎಂದಳು. “ಮದುವೆಯಾದಲ್ಲಿಂದ ಬಡಿಸ್ತಾ ಇದ್ದೇನೆ. ಬೇರೆಯವರು ಒಬ್ಬರಾದ್ರೂ ಕಿಸೆಗೆ ಕೈ ಹಾಕಿ, ದುಡ್ಡು ಕೊಟ್ಟು ಉಣ್ಣಲಿ. ಆಗ ನನ್ನ ಅಡಿಗೆ ಒಳ್ಳೆಯದು ಅಂತ ನಂಬ್ತೇನೆ.”

ಮಾತಿನಲ್ಲಿ ತಮಾಷೆ ಇರಲಿಲ್ಲ. ಹಾಗಾಗಿ ಪ್ರಚಾರದ ಗುರುತರ ಹೊಣೆಯನ್ನು ನಾನು ಹೊತ್ತೆ. ಮೂಡಬಿದಿರೆಯಲ್ಲಿ ‘ಸಣ್ಣ ವ್ಯಾಪಾರಿಗಳಿಗೆ ಮನವೊಲಿಸುವ ಬರವಣಿಗೆ’ ಎಂಬ ಶಿಬಿರವೊಂದಿತ್ತು. ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಟೈ ಕಟ್ಟಿದ ತರಬೇತುದಾರರು ಹೇಳಿದ್ದಿಷ್ಟು: ಓದುಗನನ್ನು ಹೃದಯದಿಂದ ಕರೆಯಿರಿ, ಬೆಲೆಯನ್ನು ಮಾತ್ರ ಮೊದಲಿಗೇ ಬಾಯಿಬಿಡಬೇಡಿ. ಹೃದಯದಿಂದ ಕರೆಯುವ ವಿದ್ಯೆಯನ್ನು ನನಗೆ ಬೇರೆಯವರು ಕಲಿಸಬೇಕೆ? ಬಸ್ಸಿನಲ್ಲಿ ವಾಪಸು ಬರುವಾಗಲೇ ನೋಟೀಸು ಸಿದ್ಧವಾಯಿತು.

‘ಆತ್ಮೀಯರೇ, ಬರುವ ಸೋಮವಾರ ಶ್ರೀಮತಿ ವಸುಧಾ ಇವರ ಊಟದ ಮನೆಯು ಗುರುಹಿರಿಯರ ಆಶೀರ್ವಾದದಿಂದ ಶುಭಾರಂಭಗೊಳ್ಳಲಿರುವುದರಿಂದ, ತಾವೆಲ್ಲರೂ ಇಷ್ಟಮಿತ್ರರೊಡಗೂಡಿ ಸಕುಟುಂಬಿಕರಾಗಿ ಆಗಮಿಸಿ, ಮಧ್ಯಾಹ್ನದ ಭೋಜನವನ್ನು ಸ್ವೀಕರಿಸಿ, ತನು ಮನಗಳಿಂದ ಸಹಕರಿಸಬೇಕಾಗಿ ವಿನಂತಿ.’

(ತನು, ಮನದ ಜೊತೆಗೆ ‘ಧನ’ ಬರುವುದು ವಾಡಿಕೆ. ತರಬೇತುದಾರರ ಮಾತಿಗೆ ಗೌರವ ಕೊಟ್ಟು ಅದನ್ನು ಹೊಡೆದುಹಾಕಿದೆ.)

ವಸುಧಾ ಓದಿ ಹುಬ್ಬು ಗಂಟಿಕ್ಕಿದಳು. “ಇದರಲ್ಲಿ ದುಡ್ಡಿನ ಸುದ್ದಿಯೇ ಇಲ್ಲವಲ್ಲ.”

“ದುಡ್ಡಿನ ಸುದ್ದಿ ಎತ್ತಿದ್ರೆ ಜನ ಓಡ್ತಾರೆ. ಇದಕ್ಕೆಲ್ಲ ಶಾಸ್ತ್ರ ಉಂಟು.”

“ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ. ಜನ ಬಂದ್ರೆ ಆಯ್ತು.”

ಜನ ಬಂದರು. ಸೋಮವಾರ ಮಧ್ಯಾಹ್ನ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಶಾಲು ಹೊದ್ದು ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದೆ. ಮಾಣಿ ಎಂಬ ಊರಿನ ಕಡೆಯಿಂದ ಕೃಷಿಕ ಮಾಯಿಲಪ್ಪ ಜೀಪಿನಲ್ಲಿ ಮನೆಮಂದಿಯನ್ನೆಲ್ಲ ತುಂಬಿಸಿಕೊಂಡು ಬಂದು, ತೆಂಗಿನಕಾಯಿ, ಬೂದುಗುಂಬಳ, ಒಂದು ಬಾಳೆಗೊನೆ ಇಳಿಸಿದರು.

“ಇದೆಲ್ಲ ಯಾಕೆ ಮಾಯಿಲಪ್ಪಣ್ಣ?”

“ಹೊರೆಕಾಣಿಕೆ ಭಟ್ರೇ. ನಿಮ್ಮ ಕಾಗದ ಬಂದ ಮೇಲೆ ಬರಿಗೈಯಲ್ಲಿ ಬರ್ಲಿಕ್ಕೆ ಆಗ್ತದಾ?”

ದೇವರ ಕಾರ್ಯದ ಊಟಕ್ಕೆ ಬರುವವರು ಹೀಗೆ ಬೆಳೆದದ್ದನ್ನು ಹೊತ್ತು ತಂದು ಒಪ್ಪಿಸುವುದು ನಮ್ಮ ಕಡೆಯ ಪದ್ಧತಿ. ನಾನು ಕೈಮುಗಿಯುವುದನ್ನು ಬಿಟ್ಟು, ಕಿಸೆಯಿಂದ ನೋಟೀಸು ತೆಗೆದು ಇನ್ನೊಮ್ಮೆ ಓದಿಕೊಂಡೆ. ಅಷ್ಟರಲ್ಲಿ ರಿಕ್ಷಾದ ಅಬ್ದುಲ್ ಶುಕೂರ್ ಸಕ್ಕರೆಯ ಚೀಲ ಹೆಗಲಲ್ಲಿಟ್ಟುಕೊಂಡು ಬಂದು, “ಪುಣ್ಯದ ಕೆಲಸದಲ್ಲಿ ನಮ್ಮದೂ ಇರಲಿ” ಎಂದು ಒಳಗಿಟ್ಟರು. ಯಾರೋ ಹಿರಿಯರು ಸಭಾ ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ವಿಚಾರಿಸಿದರು.

ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಉಂಡವರು ಎಲೆ ತೆಗೆದು, ಕೈ ತೊಳೆದು, ಭಾರೀ ಲಾಯ್ಕ ಆಯ್ತು ಎಂದು ಹೊಗಳಿ ಹೊರಟರು. ವಸುಧಾ ಸೌಟು ಹಿಡಿದೇ ಬಾಗಿಲಿಗೆ ಬಂದು, ಹೇಗೋ ಧೈರ್ಯ ಮಾಡಿ, “ಮಾಯಿಲಪ್ಪಣ್ಣ, ಊಟದ್ದು...” ಎಂದು ಶುರು ಮಾಡಿದಳು. ಅವರು ಎರಡೂ ಕೈ ಜೋಡಿಸಿದರು. “ಊಟದ್ದು ಹೇಳುವುದೇ ಬೇಡ ಅಕ್ಕ. ದೇವರು ನಿಮ್ಮನ್ನು ಚೆನ್ನಾಗಿಡಲಿ.” ಆಮೇಲೆ ಅವಳು ಯಾರನ್ನೂ ಏನೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ಉಳಿದದ್ದು ನಾವಿಬ್ಬರು ಮತ್ತು ಬೂದುಗುಂಬಳ. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನನಗೂ ಉತ್ತರ ಕೊಡಬಹುದಿತ್ತು.

“ಕೂತುಕೊಳ್ಳಿ” ಎಂದು ಎಲೆ ಹಾಕಿದಳು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ. ಬೆಳಗ್ಗಿನಿಂದ ಹಸಿದಿದ್ದವನು ತಲೆ ತಗ್ಗಿಸಿ ಉಂಡೆ. ಕೈ ತೊಳೆದು ಬರುವಷ್ಟರಲ್ಲಿ ಅವಳು ಮೇಜಿನ ಹಿಂದೆ ಕುಳಿತಿದ್ದಳು.

“ಎಪ್ಪತ್ತು ರೂಪಾಯಿ.”

ನಾನು ನಕ್ಕೆ. ಅವಳು ನಗಲಿಲ್ಲ. ಕಣ್ಣು ಕೆಂಪಾಗಿತ್ತು. ಕಿಸೆಗೆ ಕೈ ಹಾಕಿ ನೂರರ ನೋಟು ಕೊಟ್ಟು, ಚಿಲ್ಲರೆಗೆ ಕೈ ನೀಡಿದೆ.

“ಉಳಿದದ್ದು ನೋಟೀಸಿನ ದಂಡ. ಈಗ ಹೇಳಿ, ಊಟ ಹೇಗಿತ್ತು? ದುಡ್ಡು ಕೊಟ್ಟಿದ್ದೀರಿ, ಇದ್ದದ್ದು ಇದ್ದ ಹಾಗೆ ಹೇಳಿ.”

ಷಡ್ರಸೋಪೇತ, ಅಮೃತಸಮಾನ ಮುಂತಾದ ಪದಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಅವಳ ಮುಖ ನೋಡಿದ ಮೇಲೆ ಒಂದೂ ಹೊರಡಲಿಲ್ಲ. ಊಟ ನಿಜಕ್ಕೂ ಚೆನ್ನಾಗಿತ್ತು.

“ಲಾಯ್ಕ ಉಂಟು ವಸುಧಾ” ಎಂದೆ. “ಹುಳಿ ಇನ್ನೊಂದು ಸಲ ಬಡಿಸ್ಬಹುದಿತ್ತು.”

ಅವಳು ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ನನ್ನ ನೋಟೀಸೊಂದನ್ನು ಮಗುಚಿ, ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು: ‘ಊಟ ಉಂಟು. ಎಪ್ಪತ್ತು ರೂಪಾಯಿ. ಲಾಯ್ಕ ಉಂಟು – ದುಡ್ಡು ಕೊಟ್ಟು ಉಂಡವರು.’

ಮರುದಿನ ಮಧ್ಯಾಹ್ನದ ಹೊತ್ತಿಗೆ ಬಸ್ಸಿನವರು, ಬ್ಯಾಂಕಿನವರು ಬಂದು ಬೆಂಚುಗಳು ತುಂಬಿದವು. ಉಂಡವರೆಲ್ಲ ತಾವಾಗಿಯೇ ದುಡ್ಡು ಕೊಟ್ಟರು. ಇನ್ನೊಮ್ಮೆ ಹುಳಿ ಹಾಕಿಸಿಕೊಂಡ ಕಂಡಕ್ಟರ್ ಧನರಾಜ್ ಬಾಗಿಲಿನತ್ತ ನೋಡಿ, “ಅಕ್ಕ, ‘ಲಾಯ್ಕ ಉಂಟು’ ಅಂದದ್ದು ಯಾರು? ಸರಿಯಾಗಿ ಹೇಳಿದ್ದಾರೆ ಮಾರ್ರೆ” ಎಂದ.

ನಾನು ಶಾಲು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡೆ.

“ಯಾರೋ ಒಬ್ಬರು ಗಿರಾಕಿ” ಎಂದಳು ವಸುಧಾ. ಹಾಗೆಂದವಳೇ ನೀರಿನ ಜಗ್ಗನ್ನು ನನ್ನ ಕೈಗಿತ್ತಳು. “ಆ ಬೆಂಚಿಗೆ ನೀರು ಕೊಡಿ.”