ನಲವತ್ತು ಸೆಕೆಂಡಿನ ಸೋಲೋ

ಬೆಳಿಗ್ಗೆ ಆರೂಕಾಲಿಗೆ ಕನ್ನಡಕದಂಗಡಿಯವನು ತನ್ನ ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದ. ‘ಧಂ’ ಎನ್ನಬೇಕಾದ ತಂತಿ ‘ಝಿರ್ರ್’ ಎಂದಿತು. ಇನ್ನೊಮ್ಮೆ ಮೀಟಿದ. ಮತ್ತೆ ‘ಝಿರ್ರ್’, ಬಾಟಲಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ. ಅವನ ಎದೆ ಧಸಕ್ಕೆಂದಿತು.

ಬೇರೆ ಯಾವ ದಿನವಾದರೂ ಆಗಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ಅಂದು ಸಂಜೆ ಆರಕ್ಕೆ ಊರಿನ ಹವ್ಯಾಸಿ ಸಂಗೀತಗಾರರ ಸಂಘದ ವಾರ್ಷಿಕ ಕಾರ್ಯಕ್ರಮ. ಮೂರು ವರ್ಷದಿಂದ ತಂಡದ ಹಿಂದಿನ ಸಾಲಿನಲ್ಲಿ ನಿಂತು ‘ಜಕ್ ಜಕ್’ ಎಂದು ಬಾರಿಸುತ್ತ ಬಂದಿದ್ದ ಕನ್ನಡಕದವನಿಗೆ ಅಂದು ಮೊದಲ ಬಾರಿಗೆ ಒಬ್ಬನೇ ಮುಂದೆ ಬಂದು, ದೀಪದ ಬೆಳಕಿನಲ್ಲಿ ನಿಂತು, ನಲವತ್ತು ಸೆಕೆಂಡಿನ ಸೋಲೋ ನುಡಿಸುವ ಅವಕಾಶ ಸಿಕ್ಕಿತ್ತು. ನಲವತ್ತೇ ಸೆಕೆಂಡು. ಆದರೆ ಅದಕ್ಕಾಗಿ ಅವನು ನಾಲ್ಕು ತಿಂಗಳಿಂದ ಆರಕ್ಕೆ ಏಳುತ್ತಿದ್ದ, ಮೊಣಕೈತನಕ ಸೋಪು ಹಾಕಿ ಕೈ ತೊಳೆಯುತ್ತಿದ್ದ, ಇಪ್ಪತ್ತು ನಿಮಿಷ ನುಡಿಸಿ, ಆಮೇಲೆ ಅಂಗಡಿಯಿಂದ ತಂದ ಮೆತ್ತನೆಯ ಬಟ್ಟೆಯಲ್ಲಿ ಆರೂ ತಂತಿಗಳನ್ನು ಒಂದೊಂದಾಗಿ ಒರೆಸುತ್ತಿದ್ದ.

“ರೀ, ಆ ಬಟ್ಟೆ ಕನ್ನಡಕ ಒರೆಸೋಕೆ ಇರೋದು,” ಎಂದು ಹೆಂಡತಿ ದಿನವೂ ಹೇಳುತ್ತಿದ್ದಳು. “ನನ್ನ ಕನ್ನಡಕ ಒಂದಿನ ಒರೆಸಿದೀರಾ?”

ತಪ್ಪು ಗಿಟಾರಿನದ್ದಲ್ಲ, ಹವೆಯದ್ದು. ಮಳೆ ನಿಂತು ಒಣಗಾಳಿ ಬೀಸತೊಡಗಿ ಹತ್ತು ದಿನವಾಗಿತ್ತು. ಗಾಳಿ ಒಣಗಿದರೆ ಮರ ಒಣಗುತ್ತದೆ, ಮರ ಒಣಗಿದರೆ ಗಿಟಾರಿನ ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡು ತಂತಿಗಳು ಕೆಳಗಿನ ಲೋಹದ ಪಟ್ಟಿಗಳಿಗೆ ಉಜ್ಜತೊಡಗುತ್ತವೆ. ಋತು ಬದಲಾದಾಗಲೆಲ್ಲ ಕುತ್ತಿಗೆಯೊಳಗಿನ ಕಬ್ಬಿಣದ ಸರಳಿನ ನಟ್ಟನ್ನು ತುಸುವೇ ತಿರುಗಿಸಿ ಸರಿಮಾಡಿಕೊಳ್ಳಬೇಕು. ಇದು ಹವ್ಯಾಸಿಗಳಿಗೆಲ್ಲ ಗೊತ್ತು. ಗೊತ್ತಿದ್ದೂ ನಾಳೆ ನೋಡೋಣ ಎಂದು ಬಿಡುತ್ತಾರೆ. ಕನ್ನಡಕದವನೂ ಹತ್ತು ದಿನದಿಂದ ನಾಳೆ ನೋಡೋಣ ಎನ್ನುತ್ತಲೇ ಇದ್ದ.

ಅಷ್ಟರಲ್ಲಿ ಫೋನು ಬಂತು. ತಂಡದ ಮುಖ್ಯಸ್ಥರು, ವೃತ್ತಿಯಿಂದ ದಂತವೈದ್ಯರು, ಡ್ರಮ್ ಬಾರಿಸುವವರು.

“ಏನ್ರೀ ಕನ್ನಡಕ, ರೆಡಿನಾ? ನಾಲ್ಕು ಗಂಟೆಗೆ ನನ್ನ ಕ್ಲಿನಿಕ್ಕಲ್ಲಿ ಕೊನೇ ಪ್ರಾಕ್ಟೀಸು. ನಿಮ್ಮ ಗಿಟಾರು ಹೋದ ವಾರ ಗುಂಯ್ ಅಂತಿತ್ತು.”

“ಇಲ್ಲ ಡಾಕ್ಟ್ರೇ, ಈಗ ಹೂವಿನ ಹಾಗಿದೆ,” ಎಂದ ಇವನು, ಗಿಟಾರಿನ ಮೇಲೆ ದಿಂಬು ಒತ್ತಿ ಹಿಡಿದು.

“ದಿನಾ ಡ್ರಿಲ್ ಶಬ್ದ ಕೇಳೋ ಕಿವಿ ಇದು, ನೆನಪಿರಲಿ. ಒಂದೇ ಒಂದು ಸಲ ಝಿರ್ರ್ ಅಂದ್ರೂ ಸೋಲೋ ನಿಮ್ಮ ಭಾವಮೈದನಿಗೆ. ಆಮೇಲೆ ಬೇಜಾರು ಮಾಡ್ಕೋಬಾರ್ದು.”

ಭಾವಮೈದ ಎಂದರೆ ಹೆಂಡತಿಯ ತಮ್ಮ. ತಂಡದ ಇನ್ನೊಬ್ಬ ಗಿಟಾರಿನವನು. ಮೂರು ವರ್ಷದಿಂದ ಎಲ್ಲ ಸೋಲೋಗಳನ್ನೂ ನುಂಗಿ ನೀರು ಕುಡಿದವನು. ಅವನು ಕೈ ತೊಳೆಯುತ್ತಿರಲಿಲ್ಲ, ತಂತಿ ಒರೆಸುತ್ತಿರಲಿಲ್ಲ, ಗಿಟಾರನ್ನು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಹಾಕಿಕೊಂಡು ಓಡಾಡುತ್ತಿದ್ದ. ಆದರೂ ಜನ ಅವನಿಗೇ ಚಪ್ಪಾಳೆ ತಟ್ಟುತ್ತಿದ್ದರು. ದೇವರು ಕೆಲವರಿಗೆ ಬೆರಳು ಕೊಡುತ್ತಾನೆ, ಕೆಲವರಿಗೆ ಒರೆಸುವ ಬಟ್ಟೆ ಕೊಡುತ್ತಾನೆ.

ಕನ್ನಡಕದವನು ಆ ನಟ್ಟು ತಿರುಗಿಸುವ ಪುಟ್ಟ ಕೀಲಿ ಹುಡುಕಿ ತೆಗೆಯುವಷ್ಟರಲ್ಲಿ ಎದುರುಮನೆಯ ಬಡಗಿ ಬಾಗಿಲಲ್ಲಿ ನಿಂತಿದ್ದ. ಮರದ ಸಮಸ್ಯೆ ಎಲ್ಲಿದ್ದರೂ ಅವನ ಮೂಗಿಗೆ ವಾಸನೆ ಬಡಿಯುತ್ತಿತ್ತು.

“ಏನ್ ಸಾರ್, ಕುತ್ತಿಗೆ ಎದ್ದಿದೆಯಾ? ಹತ್ತರಿ ತರ್ಲಾ? ಮೇಲಿಂದ ಒಂದು ಪದರ ಕೀಸಿದ್ರೆ ಮುಗೀತು.”

“ಕೀಸೋದಾ! ಅಯ್ಯೋ, ಬೇಡ ಮಾರಾಯ. ಒಂದು ನಟ್ಟು ತಿರುಗಿಸಿದ್ರೆ ಸಾಕು.”

“ಅಷ್ಟೇ ತಾನೇ? ಕೊಡಿ ಇಲ್ಲಿ,” ಎಂದು ಬಡಗಿ ಕೀಲಿ ಕಿತ್ತುಕೊಂಡ. “ಕಿರ್ ಕಿರ್ ಅಂತಿದೆ ಅಂದ್ರೆ ಸಡಿಲ ಆಗಿದೆ ಅಂತ. ಬಿಗಿ ಮಾಡ್ಬೇಕು. ಮೂವತ್ತು ವರ್ಷದಿಂದ ಮಂಚ ಮಾಡ್ತಿದೀನಿ, ನಂಗೊತ್ತಿಲ್ವಾ?”

ಗಿಟಾರೆಂಬುದು ಮಂಚವಲ್ಲ ಎಂದು ಹೇಳಲು ಕನ್ನಡಕದವನು ಬಾಯಿ ತೆರೆಯುವುದರೊಳಗೆ ಬಡಗಿ ಎರಡು ಸುತ್ತು ಬಿಗಿ ಮಾಡಿಯಾಗಿತ್ತು. ನಿಜಕ್ಕೂ ಬೇಕಾಗಿದ್ದದ್ದು ಕಾಲು ಸುತ್ತು, ಅದೂ ಸಡಿಲ ಮಾಡುವ ದಿಕ್ಕಿಗೆ. ಕುತ್ತಿಗೆ ಇನ್ನಷ್ಟು ಸೆಟೆದುಕೊಂಡಿತು. ಮೊದಲು ಒಂದೇ ತಂತಿ ಝಿರ್ರ್ ಎನ್ನುತ್ತಿತ್ತು, ಈಗ ಆರೂ ಒಟ್ಟಾಗಿ ರಾಗ ತೆಗೆದವು.

“ಈಗ ನೋಡಿ, ಎಲ್ಲಾ ಒಂದೇ ಸಮ ಆಯ್ತು,” ಎಂದು ಬಡಗಿ ತೃಪ್ತಿಯಿಂದ ಹೊರಟುಹೋದ.

ಹೆಂಡತಿಗೆ ಗಂಡನ ಮುಖ ನೋಡಿ ಕರುಳು ಚುರುಕ್ಕೆಂದಿತು. “ಒಣಗಿದ್ದಕ್ಕೆ ತಾನೇ ಹೀಗಾಗಿರೋದು? ಹಬೆ ಕೊಟ್ರೆ ಸರಿಹೋಗುತ್ತೆ. ಶೀತ ಆದಾಗ ನೀವು ತಗೊಳ್ಳಲ್ವಾ?” ಎಂದು, ಇವನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗಲೇ ಗಿಟಾರನ್ನು ಬಚ್ಚಲಮನೆಯ ಮೊಳೆಗೆ ನೇತುಹಾಕಿ, ಬಿಸಿನೀರಿನ ನಲ್ಲಿ ಪೂರ್ತಿ ತಿರುಗಿಸಿ ಬಾಗಿಲು ಹಾಕಿದಳು. ವಿಷಯ ತಿಳಿದು ಇವನು ಓಡಿಹೋಗಿ ಹೊರತೆಗೆದಾಗ ಗಿಟಾರು ತಲೆಸ್ನಾನ ಮಾಡಿ ಬಂದ ಮಗುವಿನ ಹಾಗೆ ನೀರು ತೊಟ್ಟಿಕ್ಕುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ತಿಂಡಿಗೆ ಬಂದ ಭಾವಮೈದ.

“ಛೇ ಛೇ ಭಾವ, ಏನಿದು! ಕೊಡಿ, ಶ್ರುತಿ ನಾನು ಮಾಡ್ಕೊಡ್ತೀನಿ,” ಎಂದು ಬಿರಡೆ ತಿರುಗಿಸಿದ. ತಿರುಗಿಸಿದ. ಇನ್ನೂ ತಿರುಗಿಸಿದ. ‘ಟಣ್!’ ಸಣ್ಣ ತಂತಿ ಹರಿದು ಅವನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು.

“ಹೋಗ್ಲಿ ಬಿಡಿ ಭಾವ,” ಎಂದ ಅವನು, ತಟ್ಟೆಯ ಮುಂದೆ ಕೂರುತ್ತ, ನಿಜವಾದ ಪ್ರೀತಿಯಿಂದ. “ಟೆನ್ಶನ್ ಮಾಡ್ಕೋಬೇಡಿ. ಆಗ್ಲಿಲ್ಲ ಅಂದ್ರೆ ನಾನಿದೀನಲ್ಲ.”

ಅವನು ಇದ್ದಾನೆ ಎನ್ನುವುದೇ ಕನ್ನಡಕದವನ ಟೆನ್ಶನ್ನು. ಇವನು ತಿಂಡಿಯನ್ನೂ ತಿನ್ನದೆ, ಗಿಟಾರನ್ನು ಟವೆಲಿನಲ್ಲಿ ಸುತ್ತಿ, ಪುಟ್ಟ ಆಂಪ್ಲಿಫೈಯರನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನು ನನ್ನ ಗಿಟಾರನ್ನು ನಾನಲ್ಲದೆ ಇನ್ನೊಬ್ಬರು ಮುಟ್ಟಕೂಡದು ಎಂದು ಶಪಥ ಮಾಡಿ ಅಂಗಡಿಗೆ ಓಡಿದ.

ಅಂಗಡಿಯಲ್ಲಿ ನಿವೃತ್ತ ಹೆಡ್‌ಮಾಸ್ಟರೊಬ್ಬರು ಕಣ್ಣು ಪರೀಕ್ಷೆಗೆ ಕಾದಿದ್ದರು. ಅವರ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮು ಏರಿಸಿ, ಎಂದಿನಂತೆ ಗಾಜು ಬದಲಿಸುತ್ತ ಕೇಳಿದ: “ಸಾರ್, ಇದು ಚೆನ್ನಾಗಿದೆಯಾ, ಮೊದಲನೇದು ಚೆನ್ನಾಗಿತ್ತಾ?”

“ಮೊದಲನೇದು.”

“ಈಗ? ಇದಾ, ಅದಾ?”

ಕೇಳುತ್ತ ಕೇಳುತ್ತ ಕನ್ನಡಕದವನ ಕೈ ಗಾಳಿಯಲ್ಲೇ ನಿಂತಿತು. ಮೈಯೆಲ್ಲ ಜುಮ್ಮೆಂದಿತು. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ! ಒಂದು ಕೂದಲೆಳೆ ಬದಲಿಸು, ಕೇಳು, ಇನ್ನೊಂದು ಕೂದಲೆಳೆ ಬದಲಿಸು, ಕೇಳು. ಗಿಟಾರಿನ ಕುತ್ತಿಗೆಗೂ ಇದನ್ನೇ ಮಾಡಿದರೆ?

“ಸಾರ್, ಎರಡು ನಿಮಿಷ ಕಣ್ಣು ಮುಚ್ಕೊಂಡು ಕಿವಿ ಕೊಡ್ತೀರಾ?”

ಎರಡು ನಿಮಿಷವೆಂದದ್ದು ಎರಡು ಗಂಟೆಯಾಯಿತು. ಟವೆಲಿನಲ್ಲಿ ಒತ್ತಿ ಒತ್ತಿ ನೀರು ತೆಗೆದ. ಹಳೆಯ ತಂತಿ ಬಿಚ್ಚಿ, ಅಂಗಡಿಯ ಮೇಜಿನ ಖಾನೆಯಲ್ಲಿಟ್ಟಿದ್ದ ಹೊಸ ಆರು ತಂತಿ ಹಾಕಿದ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಡಗಿಯ ಎರಡು ಸುತ್ತನ್ನು ಹಿಂದೆ ತಿರುಗಿಸಿ, ಅಲ್ಲಿಂದ ಮುಂದಕ್ಕೆ ಒಂದೊಂದೇ ಕೂದಲೆಳೆ ಸಡಿಲಿಸುತ್ತ ಮೀಟಿದ. “ಸಾರ್, ಇದು ಒಂದು... ಇದು ಎರಡು. ಯಾವುದು ಚೆನ್ನಾಗಿದೆ?”

“ಎರಡನೇದು,” ಎಂದರು ಹೆಡ್‌ಮಾಸ್ಟರು, ಮೂಗಿನ ಮೇಲಿನ ಫ್ರೇಮಿನ ಸಮೇತ ಗಂಭೀರವಾಗಿ. “ಮೊದಲನೇದ್ರಲ್ಲಿ ಸ್ವಲ್ಪ ಧೂಳಿತ್ತು.”

ಹದಿನೇಳನೇ ಸಲಕ್ಕೆ ಗಿಟಾರು ‘ಧಂ’ ಎಂದಿತು. ಗಾಜಿನಷ್ಟು ಸ್ವಚ್ಛವಾದ ಧಂ. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಕನ್ನಡಕದವನು ಸಂತೋಷ ತಡೆಯಲಾರದೆ ಅವರನ್ನು ತಬ್ಬಿಕೊಂಡ. ಅವರ ಕಣ್ಣಿನ ಪರೀಕ್ಷೆ ಮುಗಿಸುವುದು ಮಾತ್ರ ಇಬ್ಬರಿಗೂ ಮರೆತುಹೋಯಿತು.

ನಾಲ್ಕು ಗಂಟೆಗೆ ಕ್ಲಿನಿಕ್ಕಿನಲ್ಲಿ ಡಾಕ್ಟರು ಹಲ್ಲು ನೋಡುವ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ನಲವತ್ತು ಸೆಕೆಂಡನ್ನೂ ಕೇಳಿದರು. ಆಮೇಲೆ ಎದ್ದು ಇವನ ಬೆನ್ನು ತಟ್ಟಿ, “ಸೋಲೋ ನಿಮ್ಮದೇ ಕಣ್ರೀ. ಇಂಥ ಸೆಟ್ಟಿಂಗು ನಾನೆಲ್ಲೂ ಕೇಳಿಲ್ಲ. ಯಾರು ಮಾಡಿದ್ದು?” ಎಂದರು.

“ನಾನೇ,” ಎಂದ ಕನ್ನಡಕದವನು. ಆ ಒಂದು ಮಾತೇ ಅವನಿಗೆ ಮುಳುವಾಯಿತು.

ಸಂಜೆ ಐದೂವರೆಗೆ ಸಭಾಂಗಣದ ವೇದಿಕೆಯ ಹಿಂದೆ ದೊಡ್ಡ ಗಲಾಟೆ. ಒಣಗಾಳಿ ಕನ್ನಡಕದವನ ಗಿಟಾರನ್ನು ಮಾತ್ರ ಹುಡುಕಿಕೊಂಡು ಬಂದಿರಲಿಲ್ಲವಲ್ಲ! ಒಂಬತ್ತು ತಂಡಗಳ ಗಿಟಾರುಗಳೂ ಝಿರ್ರ್ ಝಿರ್ರ್ ಎನ್ನುತ್ತಿದ್ದವು. ಹವ್ಯಾಸಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಡಾಕ್ಟರು ಸುಮ್ಮನಿರಬೇಕಲ್ಲ?

“ಯಾಕೆ ಒದ್ದಾಡ್ತೀರಿ? ನಮ್ಮ ಕನ್ನಡಕ ಇದಾರಲ್ಲ, ಕೈಗುಣ ನೋಡಿ ಅವರದ್ದು!”

ಮೊದಲನೆಯ ಗಿಟಾರನ್ನು ಇವನು ಬಿಗುಮಾನದಿಂದ ತೆಗೆದುಕೊಂಡ. “ಇದು ಒಂದು... ಇದು ಎರಡು. ಯಾವುದು ಚೆನ್ನಾಗಿದೆ?” ಐದು ನಿಮಿಷದಲ್ಲಿ ಸರಿಹೋಯಿತು. ಸುತ್ತ ನಿಂತವರು ‘ಓಹೋ’ ಎಂದರು. ಜನ್ಮದಲ್ಲಿ ಯಾರೂ ಅವನಿಗೆ ಓಹೋ ಎಂದಿರಲಿಲ್ಲ. ಅವನು ಉಬ್ಬಿಹೋದ. ಎರಡನೆಯದನ್ನು ತಾನಾಗಿಯೇ ಕೇಳಿ ತೆಗೆದುಕೊಂಡ. ಮೂರನೆಯದನ್ನು ಬೇಡ ಎಂದವನ ಕೈಯಿಂದ ಕಿತ್ತುಕೊಂಡ. ಆರು ಗಂಟೆಗೆ ಕಾರ್ಯಕ್ರಮ ಶುರುವಾಗಿ ಒಂದೊಂದೇ ತಂಡ ವೇದಿಕೆಗೆ ಹೋಗಿ ಬರುತ್ತಿದ್ದರೂ ಇವನ ಮುಂದಿನ ಸಾಲು ಕರಗಲಿಲ್ಲ. ಅದರ ಕೊನೆಯಲ್ಲಿ ಭಾವಮೈದ ತನ್ನ ಧೂಳು ಹಿಡಿದ ಗಿಟಾರು ಹಿಡಿದುಕೊಂಡು ವಿನಯದಿಂದ ನಿಂತಿದ್ದ.

ಅಷ್ಟರಲ್ಲಿ ಸಂಘದ ಅಧ್ಯಕ್ಷರೇ ಬಂದರು. ಅವರ ಗಿಟಾರಿನ ಬೆನ್ನಲ್ಲಿ ತಂತಿಗಳ ಬಿಗಿ ಕಾಯುವ ಮೂರು ದಪ್ಪ ಸ್ಪ್ರಿಂಗುಗಳು, ಅದರಲ್ಲೊಂದು ಕೊಕ್ಕೆಯಿಂದ ಕಳಚಿಕೊಂಡಿತ್ತು. ಅಧ್ಯಕ್ಷರಿಗೆ ಇಲ್ಲ ಎನ್ನಲಾದೀತೇ? ಇವನು ಒಂದು ಕೈಯಲ್ಲಿ ಕೊಕ್ಕೆಯಿರುವ ಲೋಹದ ತುಂಡನ್ನು ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಇಕ್ಕಳದಿಂದ ಸ್ಪ್ರಿಂಗನ್ನು ಎಳೆದ. ಎಲ್ಲ ಬಲ ಹಾಕಿ ಎಳೆದರೂ ಅದು ಕೊಕ್ಕೆಗೆ ಎರಡು ನೂಲಿನಷ್ಟು ದೂರದಲ್ಲೇ ನಿಂತಿತು.

“ಹಾಂ, ಹಾಗೇ ಹಿಡ್ಕೊಂಡಿರಿ, ಬಿಟ್ಟೀರಾ ಮತ್ತೆ!” ಎಂದರು ಅಧ್ಯಕ್ಷರು. “ಬಿಟ್ರೆ ಹಾರಿ ನೇರ ಕಣ್ಣಿಗೇ ಬಡಿಯುತ್ತೆ. ಮುಂದಿನ ತಂಡದ ಹೆಸರು ಹೇಳಿ ಇನ್ನೊಂದು ದೊಡ್ಡ ಇಕ್ಕಳದ ಜತೆ ಬಂದೆ, ಒಂದೇ ನಿಮಿಷ.”

ಕಣ್ಣಿನ ವಿಷಯ ಕನ್ನಡಕದಂಗಡಿಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಮುಖ ತಿರುಗಿಸಿಕೊಂಡು, ಹಲ್ಲು ಕಚ್ಚಿ ಹಿಡಿದುಕೊಂಡ. ಪರದೆಯಾಚೆ ಅಧ್ಯಕ್ಷರ ದನಿ ಮೊಳಗಿತು. ಅವರು ಹೇಳಿದ್ದು ಇವನ ತಂಡದ ಹೆಸರನ್ನೇ.

“ಕನ್ನಡಕ! ಎಲ್ರೀ ಇದೀರಿ? ಬನ್ರೀ!” ಡಾಕ್ಟರು ಆಚೆಯಿಂದ ಕೂಗಿದರು.

“ಬಂದೆ! ಯಾರಾದ್ರೂ ಇದನ್ನ ಹಿಡ್ಕೊಳ್ರೋ!”

ಕಣ್ಣಿಗೆ ಹಾರುತ್ತದೆ ಎಂದು ಕೇಳಿಸಿಕೊಂಡಿದ್ದ ಹವ್ಯಾಸಿಗಳೆಲ್ಲ ಎರಡೆರಡು ಹೆಜ್ಜೆ ಹಿಂದೆ ಸರಿದರು. ಭಾವಮೈದ ಮಾತ್ರ ಹತ್ತಿರ ಬಂದ. “ಭಾವ, ನಂದಿನ್ನೂ ರಿಪೇರಿ ಆಗಿಲ್ಲ. ನಿಮ್ಮದು ತಗೊಂಡು ಹೋಗಿರ್ತೀನಿ. ನೀವು ಬರೋವರೆಗೆ ಸಂಭಾಳಿಸ್ತೀನಿ, ಆರಾಮಾಗಿ ಬನ್ನಿ.”

“ಬೇಡ ಕಣೋ! ಏಯ್!”

ಡ್ರಮ್ಮು ಶುರುವಾಗಿಬಿಟ್ಟಿತ್ತು. ಇವನ ಕೂಗು ಅದರಲ್ಲಿ ಕೊಚ್ಚಿಹೋಯಿತು. ಹಾಡು ಎದ್ದಿತು, ಏರಿತು, ನಿಂತಿತು. ಆಮೇಲೆ ಪರದೆಯಾಚೆಯಿಂದ ಆ ನಲವತ್ತು ಸೆಕೆಂಡು ಬಂತು. ಒಂದೂ ಝಿರ್ರ್ ಇಲ್ಲ. ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ. ಕನ್ನಡಕದವನಿಗೆ ಹೊಟ್ಟೆ ಉರಿಯಿತು, ಅದರ ಜತೆಗೇ ಹೆಮ್ಮೆಯಿಂದ ಮೈ ನವಿರೆದ್ದಿತು. ಎರಡರಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆದ ಸದ್ದಿಗೆ ಅವನ ಕೈ ನಡುಗಿ, ಆ ನಡುಕಕ್ಕೇ ಸ್ಪ್ರಿಂಗು ಟಕ್ಕೆಂದು ಕೊಕ್ಕೆಗೆ ಸಿಕ್ಕಿಕೊಂಡಿತು.

ಹಿಂದೆಯೇ ಅಧ್ಯಕ್ಷರು ಓಡಿಬಂದು ಇವನ ರಟ್ಟೆ ಹಿಡಿದು ವೇದಿಕೆಗೆ ಎಳೆದುಕೊಂಡೇ ಹೋದರು. ದೀಪದ ಬೆಳಕು ಕಣ್ಣಿಗೆ ಕುಕ್ಕಿತು. ಮುಂದಿನ ಸಾಲಿನಲ್ಲಿ ಹೆಂಡತಿ ಫೋನು ಎತ್ತಿ ಹಿಡಿದಿದ್ದಳು. ಸರಿ, ಅನ್ಯಾಯ ಗೊತ್ತಾಗಿರಬೇಕು, ಇನ್ನೊಮ್ಮೆ ನುಡಿಸಲು ಹೇಳುತ್ತಾರೆ ಎಂದುಕೊಂಡ ಕನ್ನಡಕದವನ ಎದೆ ಡ್ರಮ್ಮಿನಂತೆ ಬಡಿದುಕೊಂಡಿತು.

“ಇವತ್ತು ಇಷ್ಟು ಇಂಪಾಗಿ ಕೇಳಿದ್ದಕ್ಕೆ ಕಾರಣ ಇವರು!” ಎಂದು ಅಧ್ಯಕ್ಷರು ಮೈಕಿನಲ್ಲಿ ಸಾರಿದರು. “ಇವರನ್ನ ನಮ್ಮ ಸಂಘದ ಶಾಶ್ವತ ದುರಸ್ತಿ ಕಾರ್ಯದರ್ಶಿ ಅಂತ ನೇಮಿಸ್ತಿದೀನಿ. ಇನ್ನು ಎಲ್ಲಾ ಕಾರ್ಯಕ್ರಮಕ್ಕೂ ಶುರುವಿಂದ ಕೊನೇತನಕ ವೇದಿಕೆ ಹಿಂದೆ ಇವರು ಇದ್ದೇ ಇರ್ತಾರೆ!”

ಚಪ್ಪಾಳೆ ಮುಗಿಲು ಮುಟ್ಟಿತು. ಕನ್ನಡಕದವನು ಇಂಗು ತಿಂದ ಮಂಗನಂತೆ ನಿಂತು, ಬೇರೆ ದಾರಿ ಕಾಣದೆ ಕೈ ಮುಗಿದ. ಇಕ್ಕಳ ಇನ್ನೂ ಕೈಯಲ್ಲೇ ಇತ್ತು.

ಭಾವಮೈದ ಓಡಿಬಂದು ಅವನನ್ನು ಅಪ್ಪಿಕೊಂಡ. ಕಣ್ಣು ತುಂಬಿಕೊಂಡಿದ್ದ, ಪಾಪ.

“ಭಾವ, ಎಂಥಾ ಗಿಟಾರು! ಕೈಗೆ ಹೊಂದ್ಕೊಂಡ್ಬಿಟ್ಟಿದೆ. ನಿಮಗೆ ಇನ್ನು ನುಡಿಸೋಕೆ ಪುರುಸೊತ್ತೆಲ್ಲಿ? ಇದು ನನ್ನ ಹತ್ರಾನೇ ಇರ್ಲಿ,” ಎಂದು ಅದನ್ನು ಎದೆಗವಚಿಕೊಂಡ. “ಯೋಚ್ನೆ ಮಾಡ್ಬೇಡಿ, ಹವೆ ಬದಲಾದ ಕೂಡ್ಲೇ ನಿಮ್ಮ ಹತ್ರಾನೇ ಸರ್ವೀಸಿಗೆ ತರ್ತೀನಿ.”